ಕಾಪಿ ನಡೆಯುವಾಗ ಕಂಪ್ಯೂಟರ್ ಯಾಕೆ ಗರ ಬಡಿದ ಹಾಗೆ ನಿಲ್ಲುತ್ತೆ? ಡಿಸ್ಕ್ ಶೆಡ್ಯೂಲರ್ ಬದಲಿಸಿ ಅಳೆದು ನೋಡಿದ್ದು

ಶಿರಸಿಯ ನಮ್ಮ ಮನೆಯ ಡೆಸ್ಕ್‌ಟಾಪಿಗೆ ಇಬ್ಬರು ಯಜಮಾನರು. ಸಂಜೆ ಅತ್ತಿಗೆ, ರಾತ್ರಿ ನಾನು. ಅತ್ತಿಗೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ, ಪ್ರಶ್ನೆಪತ್ರಿಕೆಗಳನ್ನು ಲಿಬ್ರೆಆಫೀಸಿನಲ್ಲಿ ಟೈಪ್ ಮಾಡುತ್ತಾರೆ. ನಾನು ಮದುವೆ, ಗೃಹಪ್ರವೇಶದ ವಿಡಿಯೊ ತೆಗೆಯುವ ಗೆಳೆಯನ ಫುಟೇಜ್ ತಂದು ಇದರಲ್ಲಿ ತುಂಬಿಸುತ್ತೇನೆ. ಒಂದೊಂದು ಸಲಕ್ಕೆ 40 ಜಿಬಿ, 60 ಜಿಬಿ. ಇಬ್ಬರ ಕೆಲಸವೂ ಒಟ್ಟಿಗೆ ಬಿದ್ದರೆ ಮುಗೀತು. ಮೌಸ್ ಓಡಾಡುತ್ತದೆ, ಆದರೆ ಏನೂ ತೆರೆಯುವುದಿಲ್ಲ. ಸೇವ್ ಒತ್ತಿದರೆ ಕಿಟಕಿ ಬೂದು ಬಣ್ಣಕ್ಕೆ ತಿರುಗಿ ಹಾಗೇ ನಿಲ್ಲುತ್ತದೆ.

"ನಿನ್ನ ಕಾಪಿ ಯಾವಾಗ ಮುಗಿಯುತ್ತೋ ಮಾರಾಯ? ಇದು ಮತ್ತೆ ಸುತ್ತೋಕೆ ಶುರು ಮಾಡ್ತು."

"ಇನ್ನೊಂದು ಐದು ನಿಮಿಷ ಅತ್ತಿಗೆ, ನೀವು ಚಹಾ ಕುಡಿದು ಬನ್ನಿ."

ಐದು ನಿಮಿಷ ಅಂದದ್ದು ಇಪ್ಪತ್ತು ಆಗುತ್ತಿತ್ತು. ಜೂನ್ ತಿಂಗಳಲ್ಲಿ ಒಂದು ದಿನ ಅವರು ಚಹಾ ಎರಡು ಸಲ ಕುಡಿದು ಬಂದರೂ ಅದು ಸುತ್ತುತ್ತಲೇ ಇತ್ತು. ಆಗ ಇದನ್ನು ಅಳೆದೇ ನೋಡೋಣ ಅಂತ ಕೂತೆ.

ಮೆಷಿನ್ ಹಳೆಯದು. ನಾಲ್ಕು ಕೋರ್, 8 ಜಿಬಿ ರ‍್ಯಾಮ್, ನಿಮಿಷಕ್ಕೆ 7200 ಸುತ್ತಿನ 1 ಟಿಬಿ ಹಾರ್ಡ್‌ಡಿಸ್ಕ್, ಡೆಬಿಯನ್ 12 ಅನ್ನುವ ಲಿನಕ್ಸ್, ಅದರ ತಿರುಳು ಅಂದರೆ ಕರ್ನಲ್ 6.1, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಂ ಇಎಕ್ಸ್‌ಟಿ4. ಎಸ್‌ಎಸ್‌ಡಿ ಯಾಕೆ ಹಾಕಬಾರದು ಅಂತ ಕೇಳುವವರಿಗೆ ಉತ್ತರ ಕೆಳಗಿದೆ. ಅಣ್ಣನೂ ಮೊದಲ ದಿನವೇ ಅದನ್ನೇ ಕೇಳಿದ.

ಡಿಸ್ಕಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ನಿಮಿಷಕ್ಕೆ 7200 ಸುತ್ತು ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಬರೆಯುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು 4 ಮಿಲಿಸೆಕೆಂಡಿನ ಮೇಲೆ. ಹೆಡ್ಡು ಆ ಕಡೆಯಿಂದ ಈ ಕಡೆ ಸರಿಯಲು ಇನ್ನೊಂದು 8, 9. ಹಾಗಾಗಿ ಚದುರಿದ ಸಣ್ಣ ಸಣ್ಣ ಓದುಗಳು ಒಂದು ಸೆಕೆಂಡಿಗೆ ಎಪ್ಪತ್ತು, ಎಂಬತ್ತು ಆದರೆ ಹೆಚ್ಚು. ಅದೇ ಡಿಸ್ಕು ಸಾಲಾಗಿ ಓದುವಾಗ ಸೆಕೆಂಡಿಗೆ 100 ಎಂಬಿಗಿಂತ ಜಾಸ್ತಿ ಕೊಡುತ್ತದೆ. ವಿಡಿಯೊ ಕಾಪಿ ಸಾಲಾಗಿ ಹೋಗುವ ಕೆಲಸ. ಲಿಬ್ರೆಆಫೀಸ್ ತೆರೆಯುವುದು ಚದುರಿದ ಕೆಲಸ, ನೂರಾರು ಲೈಬ್ರರಿ ಫೈಲುಗಳಿಂದ ಚೂರುಚೂರು ಹೆಕ್ಕಬೇಕು. ಎರಡೂ ಒಟ್ಟಿಗೆ ಬಂದಾಗ ಯಾರದನ್ನು ಮೊದಲು ಡಿಸ್ಕಿಗೆ ಕಳಿಸಬೇಕು ಅಂತ ನಿರ್ಧರಿಸುವುದೇ ಐಒ ಶೆಡ್ಯೂಲರ್.

ಯಾವುದು ಓಡುತ್ತಿದೆ ಅಂತ ನೋಡುವುದು ಸುಲಭ. ಸಿಸ್ ಫೋಲ್ಡರಿನಲ್ಲಿ ಬ್ಲಾಕ್, ಅದರೊಳಗೆ ಎಸ್‌ಡಿಎ, ಅದರೊಳಗೆ ಕ್ಯೂ, ಅಲ್ಲಿ ಶೆಡ್ಯೂಲರ್ ಅನ್ನುವ ಫೈಲು. ಅದನ್ನು ಕ್ಯಾಟ್ ಮಾಡಿದರೆ (ಟರ್ಮಿನಲ್ಲಿನಲ್ಲಿ ತೆರೆದು ನೋಡಿದರೆ) ಹೆಸರುಗಳು ಬರುತ್ತವೆ, ಈಗ ಚಾಲ್ತಿಯಲ್ಲಿರುವುದು ಚೌಕ ಕಂಸದೊಳಗೆ ಇರುತ್ತದೆ. ನನಗೆ ಎಂಕ್ಯೂ-ಡೆಡ್‌ಲೈನ್ ಮತ್ತು ‘ನನ್’ (ಶೆಡ್ಯೂಲರೇ ಇಲ್ಲ ಅಂತ) ಎರಡೇ ಕಂಡವು. ಬಿಎಫ್‌ಕ್ಯೂ, ಕೈಬರ್ ಎರಡನ್ನೂ ಮಾಡ್‌ಪ್ರೋಬ್ ಕಮಾಂಡ್ ಹೊಡೆದು ಲೋಡ್ ಮಾಡಿದ ಮೇಲೆ ನಾಲ್ಕೂ ಬಂದವು. ಬದಲಿಸಲು ಅದೇ ಫೈಲಿಗೆ ರೂಟ್ (ಅಡ್ಮಿನ್) ಆಗಿ ಹೆಸರು ಬರೆದರೆ ಸಾಕು, ರೀಬೂಟ್ ಬೇಡ.

ಇದು ಗೊತ್ತಾಗುವ ಮೊದಲು ಒಂದು ಸಂಜೆ ಹಾಳು ಮಾಡಿಕೊಂಡಿದ್ದೆ. ಯಾವುದೋ ಹಳೆಯ ಟಿಪ್ಪಣಿ ನೋಡಿ, ಮೆಷಿನ್ ಶುರು ಮಾಡಿಸುವ ಗ್ರಬ್‌ನಲ್ಲಿ ಶೆಡ್ಯೂಲರ್ ಆರಿಸುವ ಎಲಿವೇಟರ್ ಅನ್ನುವ ಆಯ್ಕೆ ಸೇರಿಸಿ, ರೀಬೂಟ್ ಮಾಡಿ, ಅಳೆದು, ಮತ್ತೆ ಬದಲಿಸಿ, ಮತ್ತೆ ರೀಬೂಟ್ ಮಾಡಿ, ಎಲ್ಲದರಲ್ಲೂ ಒಂದೇ ಅಂಕಿ ಬರುತ್ತಿದ್ದದ್ದು ನೋಡಿ ಶೆಡ್ಯೂಲರಿಂದ ಏನೂ ವ್ಯತ್ಯಾಸ ಇಲ್ಲ ಅಂತ ತೀರ್ಮಾನಕ್ಕೇ ಬಂದಿದ್ದೆ. ನಿಜ ಏನಪ್ಪಾ ಅಂದರೆ 2019ರ ಕರ್ನಲ್ 5.0ರಲ್ಲಿ ಹಳೆಯ ಒಂದೇ ಸಾಲಿನ ವ್ಯವಸ್ಥೆಯನ್ನೇ ಕಿತ್ತು ಹಾಕಿದ್ದಾರೆ. ಹಳೆಯ ಶೆಡ್ಯೂಲರುಗಳಾದ ನೂಪ್, ಡೆಡ್‌ಲೈನ್, ಸಿಎಫ್‌ಕ್ಯೂ ಎಲ್ಲವೂ ಅದರ ಜೊತೆ ಹೋದವು, ಆ ಎಲಿವೇಟರ್ ಆಯ್ಕೆಗೂ ಬೆಲೆ ಇಲ್ಲ. ನಾನು ಆರು ಸಲ ರೀಬೂಟ್ ಮಾಡಿ ಎಂಕ್ಯೂ-ಡೆಡ್‌ಲೈನನ್ನೇ ಆರು ಸಲ ಅಳೆದಿದ್ದೆ. ಏನು ಬದಲಿಸಿದರೂ ಬದಲಾಗಿದೆಯಾ ಅಂತ ಆ ಫೈಲನ್ನು ಒಮ್ಮೆ ಕ್ಯಾಟ್ ಮಾಡಿ ನೋಡಿ, ಆಮೇಲೆ ಅಳೆಯಿರಿ.

ಎರಡನೇ ಪೆಟ್ಟು ಡಿಡಿ ಅನ್ನುವ ಕಾಪಿ ಕಮಾಂಡಿನಿಂದ. 1 ಜಿಬಿ ಬರೆಸಿದೆ, ಸೆಕೆಂಡಿಗೆ 600 ಎಂಬಿ ಅಂತ ತೋರಿಸಿತು. ತಿರುಗುವ ಡಿಸ್ಕಿಗೆ ಅಷ್ಟು ವೇಗ ಎಲ್ಲಿಂದ ಬರಬೇಕು? ಅದು ರ‍್ಯಾಮಿಗೆ ಬರೆದು ಮುಗೀತು ಅಂದುಬಿಟ್ಟಿತ್ತು, ಡಿಸ್ಕಿನ ದೀಪ ಮಾತ್ರ ಇನ್ನೂ ಮಿಣಿಮಿಣಿ ಅನ್ನುತ್ತಿತ್ತು. ಕೊನೆಗೆ ಸಿಂಕ್ ಆಗುವ, ಅಂದರೆ ಎಲ್ಲವೂ ಡಿಸ್ಕಿಗೆ ಇಳಿಯುವ ತನಕದ ಸಮಯ ಸೇರಿಸಿದರೆ ಮಾತ್ರ ಅದು ಡಿಸ್ಕಿನ ಅಂಕಿ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಅದೇ ಶೆಡ್ಯೂಲರ್, ಅದೇ ಪರೀಕ್ಷೆ, ಬೆಳಿಗ್ಗೆ 110 ಎಂಬಿ, ರಾತ್ರಿ 80. ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಡಿಸ್ಕಿನ ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಹೆಚ್ಚು ಡೇಟಾ ಹಿಡಿಯುತ್ತದೆ, ಒಳಗೆ ಹೋದ ಹಾಗೆ ಕಡಿಮೆ. ಒಳ ಅಂಚಿನಲ್ಲಿ ವೇಗ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಸಲ ಹೊಸ ಫೈಲು ಮಾಡಿದಾಗ ಅದು ಬೇರೆ ಜಾಗದಲ್ಲಿ ಕೂರುತ್ತಿತ್ತು. ಸರಿ, ಒಂದೇ 20 ಜಿಬಿ ಫೈಲು ಮಾಡಿಟ್ಟು, ಪ್ರತಿ ಸಲ ಅದರ ಮೇಲೇ ಬರೆಯುವುದು ಅಂತ ಮಾಡಿಕೊಂಡೆ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಇದೇ ಜಾಣತನ ಆಮೇಲೆ ಕಾಲಿಗೆ ತೊಡರಿಕೊಂಡಿತು, ಹೇಳುತ್ತೇನೆ.

ಕೊನೆಗೆ ನಿಂತ ಪರೀಕ್ಷೆ ಹೀಗೆ. ಹೊರೆ ಹಾಕಲು ಎಫ್‌ಐಒ. ಕರ್ನಲಿನ ಬ್ಲಾಕ್ ಭಾಗ ನೋಡಿಕೊಳ್ಳುವ ಯೆನ್ಸ್ ಆಕ್ಸ್‌ಬೋ ಅವರೇ ಬರೆದ ಪರೀಕ್ಷಾ ಟೂಲ್ ಇದು, ಡೆಬಿಯನ್‌ನಲ್ಲಿ ಆಪ್ಟ್ ಮೂಲಕ ಸಿಗುತ್ತದೆ. ಒಬ್ಬ ಆ 20 ಜಿಬಿ ಫೈಲಿನ ಮೇಲೆ ಬರೆಯುತ್ತಿರುತ್ತಾನೆ, ಇನ್ನಿಬ್ಬರು ಬೇರೆ ಎರಡು ದೊಡ್ಡ ಫೈಲು ಓದುತ್ತಿರುತ್ತಾರೆ. ಇದರ ನಡುವೆ ಅತ್ತಿಗೆಯ ಪಾತ್ರ ಮಾಡಲು ಒಬ್ಬರು ಬೇಕಲ್ಲ. ಮೊದಲು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತೆ, ನನ್ನ ಬೆರಳೇ ಅರ್ಧ ಸೆಕೆಂಡು ತಪ್ಪುತ್ತಿತ್ತು. ಆಮೇಲೆ ಲಿಬ್ರೆಆಫೀಸನ್ನು ಕಿಟಕಿ ಇಲ್ಲದೆ ಕರೆದು, ಎರಡು ಪುಟದ ಒಂದು ಪ್ರಶ್ನೆಪತ್ರಿಕೆಯನ್ನು ಪಿಡಿಎಫ್ ಮಾಡಿಸಿ, ಅದಕ್ಕೆ ಹಿಡಿದ ಸಮಯ ಬರೆದುಕೊಂಡೆ. ಪ್ರತಿ ಸುತ್ತಿಗೂ ಮುಂಚೆ ಸಿಂಕ್ ಮಾಡಿ, ಡ್ರಾಪ್ ಕ್ಯಾಶಸ್‌ಗೆ 3 ಬರೆದು ರ‍್ಯಾಮಿನಲ್ಲಿದ್ದ ಹಳೆಯ ಪ್ರತಿಗಳನ್ನು ಚೆಲ್ಲಬೇಕು. ಇಲ್ಲದಿದ್ದರೆ ಎರಡನೇ ಸಲ ಎಲ್ಲವೂ ರ‍್ಯಾಮಿನಿಂದಲೇ ಬಂದು ಎಲ್ಲರೂ ಪಾಸ್. ಸೇವ್‌ಗೆ ಬೇರೆ ಅಳತೆ: ಹತ್ತು ಸಾಲಿನ ಪೈಥಾನ್, ಸೆಕೆಂಡಿಗೊಮ್ಮೆ 4 ಕೆಬಿ ಬರೆದು, ಅದು ಡಿಸ್ಕಿಗೆ ಇಳಿಯುವ ತನಕ ಕಾಯಿಸುವ ಎಫ್‌ಸಿಂಕ್ ಕರೆದು ಎಷ್ಟು ಹೊತ್ತಾಯಿತು ಅಂತ ಲಾಗ್ ಮಾಡುತ್ತದೆ. ಪ್ರತಿಯೊಂದನ್ನೂ ಐದು ಸಲ ಓಡಿಸಿ ನಡುವಿನ ಅಂಕಿ ತೆಗೆದುಕೊಂಡೆ. ಮಳೆಗಾಲ ಬೇರೆ, ಎರಡು ಸಲ ಕರೆಂಟ್ ಹೋಗಿ ಇಡೀ ಸುತ್ತು ಮೊದಲಿಂದ ಮಾಡಬೇಕಾಯಿತು.

ಯಾವ ಹೊರೆಯೂ ಇಲ್ಲದಾಗ ಪಿಡಿಎಫ್‌ಗೆ 8 ಸೆಕೆಂಡು. ಹೊರೆ ಹಾಕಿದಾಗ:

ಎಂಕ್ಯೂ-ಡೆಡ್‌ಲೈನ್: 34 ಸೆಕೆಂಡು, ಓದು ಬರಹ ಸೇರಿ ಸೆಕೆಂಡಿಗೆ ಒಟ್ಟು 71 ಎಂಬಿ.
‘ನನ್’: 52 ಸೆಕೆಂಡು, 66 ಎಂಬಿ.
ಕೈಬರ್: 47 ಸೆಕೆಂಡು, 67 ಎಂಬಿ.
ಬಿಎಫ್‌ಕ್ಯೂ: 13 ಸೆಕೆಂಡು, 64 ಎಂಬಿ.

ಬಿಎಫ್‌ಕ್ಯೂ ಸಾಲನ್ನು ಮೂರು ಸಲ ಮತ್ತೆ ಓಡಿಸಿದೆ, ನಂಬಿಕೆ ಬರಲಿಲ್ಲ. ಒಟ್ಟು ವೇಗ ಮಾತ್ರ ನೋಡಿದರೆ ಇದು ನಾಲ್ಕರಲ್ಲಿ ಕೊನೆಯದು. ಅತ್ತಿಗೆ ಕೂತ ಕುರ್ಚಿಯಿಂದ ನೋಡಿದರೆ ಮಿಕ್ಕವು ಹತ್ತಿರಕ್ಕೂ ಇಲ್ಲ. 40 ಜಿಬಿ ಕಾಪಿಗೆ ಒಂದು ನಿಮಿಷ ಜಾಸ್ತಿ ಹಿಡಿದರೆ ನನಗೆ ಗೊತ್ತೂ ಆಗುವುದಿಲ್ಲ, ಊಟ ಮಾಡುತ್ತಿರುತ್ತೇನೆ.

ಯಾಕೆ ಹೀಗೆ ಅಂತ ಅರ್ಥ ಮಾಡಿಕೊಳ್ಳಲು ಕಿರಾಣಿ ಅಂಗಡಿ ನೆನಸಿಕೊಳ್ಳಿ. ಅಂಗಡಿಯವರು ಒಬ್ಬರೇ. ಮುಂದೆ ಹೋಟೆಲಿನವರು ನಿಂತಿದ್ದಾರೆ, ಹಿಂದಿನ ಗೋಡೌನಿನಿಂದ ಅಕ್ಕಿ ಮೂಟೆ ಒಂದಾದ ಮೇಲೊಂದು ಬೇಕು. ಪಕ್ಕದಲ್ಲಿ ಒಬ್ಬರು ಚೀಲ ಹಿಡಿದುಕೊಂಡು "ಕಾಲು ಕೆಜಿ ಸಾಸಿವೆ" ಅನ್ನುತ್ತಾರೆ. ಸಾಸಿವೆ ಕೈಗೆ ಬಂದ ಮೇಲೆಯೇ ಅವರಿಗೆ ಜೀರಿಗೆ ನೆನಪಾಗುವುದು, ಜೀರಿಗೆ ಬಂದ ಮೇಲೆ ಮೆಂತ್ಯ. ಎಂಕ್ಯೂ-ಡೆಡ್‌ಲೈನ್ ಅಂಗಡಿಯವರು ಸಾಸಿವೆ ಕೊಟ್ಟ ತಕ್ಷಣ, ಇವರು ಸುಮ್ಮನಿದ್ದಾರೆ ಅಂತ ತಿರುಗಿ ಗೋಡೌನಿಗೆ ಹೋಗುತ್ತಾರೆ. ಜೀರಿಗೆ ಅನ್ನುವಷ್ಟರಲ್ಲಿ ಅವರು ಒಳಗೆ. ಮತ್ತೆ ಬಂದು ಜೀರಿಗೆ ಕೊಟ್ಟು ಮತ್ತೆ ಒಳಗೆ. ಬಿಎಫ್‌ಕ್ಯೂ ಅಂಗಡಿಯವರು ಸಾಸಿವೆ ಕೊಟ್ಟು "ಇನ್ನೇನು?" ಅಂತ ಒಂದು ಕ್ಷಣ ಮುಖ ನೋಡಿಕೊಂಡು ನಿಲ್ಲುತ್ತಾರೆ. ಆ ಕ್ಷಣದ ಹೆಸರು ಸ್ಲೈಸ್ ಐಡಲ್, ಮಾಮೂಲಿಗೆ 8 ಮಿಲಿಸೆಕೆಂಡು. ಹೆಚ್ಚು ಕಡಿಮೆ ಹೆಡ್ಡು ಒಂದು ಸಲ ಸರಿಯುವಷ್ಟು ಹೊತ್ತು. ಡಿಸ್ಕು ಸುಮ್ನೆ ಕೂತರೆ ನಷ್ಟ ಅಂತ ಅನ್ನಿಸುತ್ತದೆ, ಅಲ್ವಾ? ಓಡಾಟ ಉಳಿಯುವುದರಿಂದ ಎಷ್ಟೋ ಸಲ ಅದು ಲಾಭವೇ.

ಇದನ್ನು ನೋಡಲೆಂದೇ ಸ್ಲೈಸ್ ಐಡಲನ್ನು 0 ಮಾಡಿದೆ. ಪಿಡಿಎಫ್ 13ರಿಂದ 29 ಸೆಕೆಂಡಿಗೆ ಹಾರಿತು, ಒಟ್ಟು ವೇಗವೂ 64ರಿಂದ 58ಕ್ಕೆ ಇಳಿಯಿತು. ಅಂಕಿ ನೋಡುವ ಮೊದಲೇ ಕಿವಿಗೆ ಗೊತ್ತಾಗಿತ್ತು. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಿಟ್ಟಿದ್ದೆ. ಸ್ಲೈಸ್ ಐಡಲ್ 8 ಇದ್ದಾಗ ಡಿಸ್ಕಿನ ಸದ್ದು ಬಿಟ್ಟು ಬಿಟ್ಟು ಟಕ್... ಟಕ್... ಅಂತ ಇರುತ್ತಿತ್ತು, 0 ಮಾಡಿದ ತಕ್ಷಣ ಒಲೆ ಮೇಲೆ ಸಾಸಿವೆ ಸಿಡಿದ ಹಾಗೆ ಚಟಪಟ.

ಬಿಎಫ್‌ಕ್ಯೂನಲ್ಲಿ ಇನ್ನೊಂದು ಗುಂಡಿ ಲೋ ಲೇಟೆನ್ಸಿ. ಇದು ಮಾಮೂಲಿಗೆ 1 ಇರುತ್ತದೆ. ಆಗಷ್ಟೇ ಶುರುವಾದ ಪ್ರೋಗ್ರಾಮಿಗೆ ಸ್ವಲ್ಪ ಹೊತ್ತು ತೂಕ ಜಾಸ್ತಿ ಕೊಡುತ್ತದೆ, ಅಂದರೆ ಹೊಸದಾಗಿ ಬಂದವರಿಗೆ ಮೊದಲು ಮಣೆ. 0 ಮಾಡಿದೆ: ಪಿಡಿಎಫ್ 22 ಸೆಕೆಂಡು, ವೇಗ 69 ಎಂಬಿ. ಬರೀ ಬ್ಯಾಕಪ್ ಸರ್ವರ್ ಆಗಿದ್ದರೆ ಹಾಗೇ ಬಿಡುತ್ತಿದ್ದೆ, ಇಲ್ಲಿ ವಾಪಸ್ 1. ಬಿಎಫ್‌ಕ್ಯೂ ಬೆಳೆಸಿದವರು ಇಟಲಿಯ ಮೋಡೆನಾದ ಪಾವೊಲೊ ವಾಲೆಂಟೆ ಮತ್ತು ಜೊತೆಗಾರರು. ವರ್ಷಗಟ್ಟಲೆ ಕರ್ನಲಿನ ಹೊರಗೇ ಪ್ಯಾಚ್ ಆಗಿದ್ದು 2017ರಲ್ಲಿ 4.12ರೊಳಗೆ ಬಂತು, ಕೈಬರ್ ಕೂಡ ಅದೇ ಬಿಡುಗಡೆಯಲ್ಲಿ. ಕೈಬರ್ ವೇಗದ ಎಸ್‌ಎಸ್‌ಡಿಗಳಿಗೆ ಮಾಡಿದ್ದು. ಓದಿಗೆ 2 ಮಿಲಿಸೆಕೆಂಡು, ಬರಹಕ್ಕೆ 10 ಅಂತ ಗುರಿ ಇಟ್ಟುಕೊಳ್ಳುತ್ತದೆ. ತಿರುಗುವ ಡಿಸ್ಕು ಒಂದು ಓದಿಗೇ 12 ತೆಗೆದುಕೊಂಡರೆ ಪಾಪ ಅದೇನು ಮಾಡುತ್ತೆ.

ಎಂಕ್ಯೂ-ಡೆಡ್‌ಲೈನನ್ನೂ ಸ್ವಲ್ಪ ತಿರುಚಿ ನೋಡಿದೆ. ಅದರಲ್ಲಿ ಓದಿಗೆ 500 ಮಿಲಿಸೆಕೆಂಡು, ಬರಹಕ್ಕೆ 5 ಸೆಕೆಂಡು ಗಡುವು, ಒಂದು ಕಂತಿಗೆ 16 ಕೋರಿಕೆ. ಕಂತನ್ನು 4ಕ್ಕೆ ಇಳಿಸಿದರೆ ಪಿಡಿಎಫ್ 30 ಸೆಕೆಂಡು, ಆದರೆ ವೇಗ 62ಕ್ಕೆ. ಕೊಟ್ಟಿದ್ದು ಜಾಸ್ತಿ, ಸಿಕ್ಕಿದ್ದು ಕಡಿಮೆ. ಓದಿನ ಗಡುವು 100 ಮಾಡಿದರೆ ಇನ್ನೂ ಕೆಟ್ಟಿತು. ಎಲ್ಲವೂ ಗಡುವು ಮೀರಿದ್ದೇ ಆದಾಗ ಜಾಗದ ಪ್ರಕಾರ ಜೋಡಿಸುವುದಕ್ಕೆ ಅವಕಾಶವೇ ಇರುವುದಿಲ್ಲ.

ಇಷ್ಟಾದ ಮೇಲೆ ಬಿಎಫ್‌ಕ್ಯೂ ಹಾಕಿ, ಮುಚ್ಚಳ ಮುಚ್ಚಿ, ಎದೆ ಉಬ್ಬಿಸಿಕೊಂಡು ಅತ್ತಿಗೆಗೆ ಬಿಟ್ಟುಕೊಟ್ಟೆ. ಮಾರನೇ ದಿನ ನಾನು 45 ಜಿಬಿ ಕಾಪಿ ಹಾಕಿದ್ದೆ.

"ತೆರೆಯೋದು ಬೇಗ ತೆರೀತು ಕಣೋ. ಸೇವ್ ಮಾತ್ರ ಹಾಗೇ ನಿಂತ್ಕೊಂಡಿದೆ."

ಹೋಗಿ ನೋಡಿದೆ. ಹೌದು, ಬೂದು ಕಿಟಕಿ. ಹದಿನಾಲ್ಕು ಸೆಕೆಂಡು ಆದ ಮೇಲೆ ಬಿಟ್ಟಿತು. ನನ್ನ ಲಾಗಿನಲ್ಲಿ ಎಫ್‌ಸಿಂಕ್ ಎಷ್ಟೇ ಕೆಟ್ಟರೂ 2 ಸೆಕೆಂಡು ದಾಟಿರಲಿಲ್ಲ. ಇಲ್ಲಿ 14!

ಇಲ್ಲೇ ನನ್ನ ಜಾಣತನ ತೊಡರಿಕೊಂಡದ್ದು. ಪರೀಕ್ಷೆಯಲ್ಲಿ ನಾನು ಇದ್ದ ಫೈಲಿನ ಮೇಲೇ ಬರೆಯುತ್ತಿದ್ದೆ. ಅದಕ್ಕೆ ಡಿಸ್ಕಿನಲ್ಲಿ ಹೊಸ ಜಾಗ ಬೇಕಿಲ್ಲ, ಜರ್ನಲಿಗೂ (ಫೈಲ್ ಸಿಸ್ಟಂ ತನ್ನ ಬದಲಾವಣೆ ಬರೆದಿಡುವ ದಿನಚರಿ) ಹೆಚ್ಚು ಕೆಲಸ ಇಲ್ಲ. ನಿಜವಾದ ಕಾಪಿ ಹೊಸ ಫೈಲು ಮಾಡುತ್ತದೆ, ಹೊಸ ಜಾಗ ಹಿಡಿಯುತ್ತದೆ. ಇಎಕ್ಸ್‌ಟಿ4 ಮಾಮೂಲಿ ರೀತಿಯಲ್ಲಿ ಜರ್ನಲಿಗೆ ಮುದ್ರೆ ಒತ್ತುವ ಮುಂಚೆ, ಆ ಕಂತಿನಲ್ಲಿ ಹೊಸ ಜಾಗ ಹಿಡಿದ ಫೈಲುಗಳ ಡೇಟಾ ಡಿಸ್ಕಿಗೆ ಇಳಿಯಲೇಬೇಕು ಅನ್ನುತ್ತದೆ. ಅತ್ತಿಗೆಯ 30 ಕೆಬಿ ಪ್ರಶ್ನೆಪತ್ರಿಕೆಯ ಎಫ್‌ಸಿಂಕ್ ಅದೇ ಕಂತಿನಲ್ಲಿ ಸಿಕ್ಕಿಬಿದ್ದರೆ, ಮುಂದೆ ನಿಂತ ಮದುವೆ ವಿಡಿಯೊ ಇಳಿಯುವ ತನಕ ಕಾಯಬೇಕು. ಶೆಡ್ಯೂಲರ್ ಎಷ್ಟೇ ನ್ಯಾಯವಂತ ಆಗಿದ್ದರೂ ಪ್ರಯೋಜನ ಇಲ್ಲ, ಸಾಲು ಅದರ ಮನೆ ಬಾಗಿಲಿಗೆ ಬರುವ ಮುಂಚೆಯೇ ಕಟ್ಟಿಕೊಂಡಿದೆ.

ಎಷ್ಟು ವಿಡಿಯೊ ಕಾದು ನಿಂತಿರಬಹುದು? ಡಿಸ್ಕಿಗೆ ಇಳಿಯದೆ ಮೆಮೊರಿಯಲ್ಲಿ ಎಷ್ಟು ಉಳಿಯಬಹುದು ಅನ್ನುವ ಮಿತಿ ಡರ್ಟಿ ರೇಷಿಯೊ, ಮಾಮೂಲಿಗೆ 20. ಹಿನ್ನೆಲೆಯಲ್ಲಿ ಇಳಿಸಲು ಶುರು ಮಾಡುವ ಮಿತಿ 10. ಇದು ಬಳಕೆಗೆ ಸಿಗುವ ಮೆಮೊರಿಯಲ್ಲಿ ಶೇಕಡಾ ಲೆಕ್ಕ. ನನ್ನಲ್ಲಿ ಸುಮಾರು 6 ಜಿಬಿ ಸಿಗುತ್ತದೆ, ಶೇ. 20 ಅಂದರೆ 1.2 ಜಿಬಿ. ಸೆಕೆಂಡಿಗೆ 90 ಎಂಬಿ ಇಳಿದರೂ 13 ಸೆಕೆಂಡು. ಗೋಡೆ ಗಡಿಯಾರ ನೋಡಿ ಎಣಿಸಿದ ಹದಿನಾಲ್ಕು ಎಲ್ಲಿಂದ ಬಂತು ಅಂತ ಲೆಕ್ಕ ಕೂಡಿತು.

ಮಧ್ಯೆ, ಡಿಸ್ಕಿನ ಸರದಿಯಲ್ಲಿ ಪ್ರೋಗ್ರಾಮಿಗೆ ದರ್ಜೆ ಕೊಡುವ ಐಒನೈಸ್ ಕೂಡ ಪ್ರಯತ್ನ ಮಾಡಿದೆ. ಕಾಪಿ ಕಮಾಂಡಿಗೆ ಎಲ್ಲಕ್ಕಿಂತ ಕೊನೆಯ ದರ್ಜೆ ಕೊಟ್ಟೆ, ಸೇವ್‌ಗೆ ಏನೂ ಉಪಯೋಗ ಆಗಲಿಲ್ಲ. ಕಾಪಿ ಮಾಡುವ ಪ್ರೋಗ್ರಾಂ ರ‍್ಯಾಮಿಗೆ ಬರೆದು ಕೈ ತೊಳೆದುಕೊಳ್ಳುತ್ತದೆ, ಆಮೇಲೆ ಡಿಸ್ಕಿಗೆ ಇಳಿಸುವುದು ಕರ್ನಲಿನ ಬೇರೆ ಥ್ರೆಡ್. ದರ್ಜೆ ಇಳಿಸಿದ್ದು ಒಬ್ಬನದು, ಮೂಟೆ ಹೊರುವವನು ಇನ್ನೊಬ್ಬ.

ಸರಿ, ಅದೇ ಮಿತಿಯನ್ನು ಶೇಕಡಾ ಬದಲು ಬೈಟಿನಲ್ಲಿ ಹೇಳುವ ಡರ್ಟಿ ಬೈಟ್ಸ್ 256 ಎಂಬಿ, ಹಿನ್ನೆಲೆಯ ಡರ್ಟಿ ಬೈಟ್ಸ್ 64 ಎಂಬಿ ಮಾಡಿದೆ. ಬರೆಯುವಾಗ ಬೈಟ್ ಲೆಕ್ಕದಲ್ಲೇ ಕೊಡಬೇಕು, 268435456 ಮತ್ತು 67108864. ಹಾಕಿದ ಮೇಲೆ ಡರ್ಟಿ ರೇಷಿಯೊ 0 ಅಂತ ತೋರಿಸಿ ಒಂದು ಕ್ಷಣ ಎದೆ ಧಸಕ್ ಅಂದಿತು. ಗಾಬರಿ ಬೇಡ, ಒಂದನ್ನು ಹಾಕಿದರೆ ಇನ್ನೊಂದು ತಾನಾಗಿ 0 ಆಗುತ್ತದೆ, ಎರಡರಲ್ಲಿ ಒಂದೇ ಲೆಕ್ಕಕ್ಕೆ. ಈ ಸಲ ಎಫ್‌ಐಒ ಬಿಟ್ಟು ನಿಜವಾದ ವಿಡಿಯೊ ಫೈಲುಗಳನ್ನೇ ಯುಎಸ್‌ಬಿ ಡಿಸ್ಕಿನಿಂದ ಕಾಪಿ ಮಾಡಿಸಿ ಎಫ್‌ಸಿಂಕ್ ಲಾಗ್ ತೆಗೆದೆ. ಅತಿ ಕೆಟ್ಟದ್ದು 14ರಿಂದ 3 ಸೆಕೆಂಡಿಗೆ ಬಂತು, ಹೆಚ್ಚಿನವು ಅರ್ಧ ಸೆಕೆಂಡಿನ ಒಳಗೆ. ಕಾಪಿ ವೇಗ 91ರಿಂದ 87 ಎಂಬಿ. ಈ ನಾಲ್ಕು ಎಂಬಿಯನ್ನು ನಾನು ಸಂತೋಷವಾಗಿ ಬಿಟ್ಟುಕೊಡುತ್ತೇನೆ. ಕುತೂಹಲಕ್ಕೆ ವಾಪಸ್ ಎಂಕ್ಯೂ-ಡೆಡ್‌ಲೈನ್ ಹಾಕಿ ಇದೇ ಬೈಟ್ಸ್ ಇಟ್ಟು ನೋಡಿದೆ: ಸೇವ್ 4 ಸೆಕೆಂಡು, ಅಂದರೆ ಅದೂ ಸುಧಾರಿಸಿತು. ತೆರೆಯುವುದು ಮಾತ್ರ ನಿಧಾನವೇ. ತೆರೆಯುವ ರೋಗಕ್ಕೆ ಒಂದು ಮದ್ದು, ಸೇವ್ ರೋಗಕ್ಕೆ ಇನ್ನೊಂದು. ನಾನು ಒಂದೇ ರೋಗ ಅಂದುಕೊಂಡು ಎರಡು ವಾರ ಕಳೆದಿದ್ದೆ.

ರೀಬೂಟ್ ಆದ ಮೇಲೂ ಉಳಿಯಬೇಕಲ್ಲ. ಶೆಡ್ಯೂಲರಿಗೆ, ಡಿಸ್ಕುಗಳನ್ನು ಗುರುತಿಸುವ ಯುಡೆವ್‌ನಲ್ಲಿ ಒಂದು ಸಾಲಿನ ರೂಲ್: ಎಸ್‌ಡಿ ಇಂದ ಶುರುವಾಗುವ ಡಿಸ್ಕು, ಕ್ಯೂ ಒಳಗಿನ ರೊಟೇಷನಲ್ 1 (ಅಂದರೆ ತಿರುಗುವ ಡಿಸ್ಕು) ಇದ್ದರೆ, ಶೆಡ್ಯೂಲರ್ ಬಿಎಫ್‌ಕ್ಯೂ. ಬೈಟ್ಸ್ ಎರಡೂ ಸಿಸ್‌ಸಿಟಿಎಲ್ ಫೋಲ್ಡರಿನ ಒಂದು ಫೈಲಿನಲ್ಲಿ. ಅಷ್ಟೇ.

ಈಗ ಅಣ್ಣನ ಪ್ರಶ್ನೆ. ಹೌದು, ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ ಸಿಸ್ಟಂ ಅದಕ್ಕೆ ಸಾಗಿಸಿದರೆ ತೆರೆಯುವ ರೋಗ ಬುಡಸಮೇತ ಹೋಗುತ್ತದೆ, ಹೆಡ್ಡೇ ಇಲ್ಲದ ಕಡೆ ಓಡಾಟ ಎಲ್ಲಿ? ನನ್ನ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಎನ್‌ವಿಎಂಇ ಅನ್ನುವ ವೇಗದ ಎಸ್‌ಎಸ್‌ಡಿ ಇದೆ, ಮಾಮೂಲಿಗೆ ‘ನನ್’. ಅಲ್ಲಿ ಬಿಎಫ್‌ಕ್ಯೂ ಹಾಕಿದಾಗ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ, ಸಣ್ಣ ಓದುಗಳ ಸಂಖ್ಯೆ ಮಾತ್ರ ಇಳಿದು ಸಿಪಿಯು ಕೆಲಸ ಜಾಸ್ತಿಯಾಯಿತು. ವಾಪಸ್ ‘ನನ್’. ಮನೆಯದಕ್ಕೂ ದಸರೆ ಹೊತ್ತಿಗೆ ಎಸ್‌ಎಸ್‌ಡಿ ತರುತ್ತೇನೆ ಅಂದಿದ್ದೇನೆ. ವಿಡಿಯೊ ಹಾರ್ಡ್‌ಡಿಸ್ಕಿನಲ್ಲೇ ಇರುತ್ತದೆ, ಅಷ್ಟು ಜಿಬಿಗೆ ಎಸ್‌ಎಸ್‌ಡಿ ಕೊಳ್ಳುವ ಜೇಬು ನನ್ನದಲ್ಲ.

ಡರ್ಟಿ ಬೈಟ್ಸ್‌ನಿಂದ ಕೇಳದೇ ಬಂದ ಇನ್ನೊಂದು ಲಾಭ ಪೆನ್‌ಡ್ರೈವ್‌ದು. ಅತ್ತಿಗೆ ಪ್ರಶ್ನೆಪತ್ರಿಕೆ, ಪಾಠದ ವಿಡಿಯೊ ಎಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು ಜೆರಾಕ್ಸ್ ಅಂಗಡಿಗೆ ಹೋಗುತ್ತಾರೆ. ಹಸಿರು ಪಟ್ಟಿ ತುಂಬಿದ ತಕ್ಷಣ ಕಿತ್ತುಕೊಂಡು ಹೊರಟುಬಿಡುವುದು ಅಭ್ಯಾಸ. ಎರಡು ಸಲ ಅಂಗಡಿಯಲ್ಲಿ ಫೈಲೇ ತೆರೆದಿರಲಿಲ್ಲ. ಆ ಪೆನ್‌ಡ್ರೈವ್ ಸೆಕೆಂಡಿಗೆ 8 ಎಂಬಿ ಬರೆಯುತ್ತದೆ. ಮೊದಲು 1.2 ಜಿಬಿ ತನಕ ರ‍್ಯಾಮಿನಲ್ಲಿ ಉಳಿಯಬಹುದಿತ್ತು, ಅಂದರೆ ಪಟ್ಟಿ ತುಂಬಿದ ಮೇಲೂ ಎರಡೂವರೆ ನಿಮಿಷ ಬರೆಯುತ್ತಲೇ ಇರುತ್ತಿತ್ತು. ಈಗ ಹೆಚ್ಚೆಂದರೆ 256 ಎಂಬಿ, ಅರ್ಧ ನಿಮಿಷ. ಇಜೆಕ್ಟ್ ಒತ್ತಿ ಅಂತ ನಾನು ಈಗಲೂ ಹೇಳುತ್ತೇನೆ, ಅವರು ಈಗಲೂ ಒತ್ತುವುದಿಲ್ಲ. ಆದರೆ ಚಪ್ಪಲಿ ಹುಡುಕಿ, ಕೊಡೆ ತೆಗೆದುಕೊಂಡು, ವಾಪಸ್ ಬಂದು ಪೆನ್‌ಡ್ರೈವ್ ಕೀಳುವಷ್ಟರಲ್ಲಿ ಅರ್ಧ ನಿಮಿಷ ಆಗಿರುತ್ತದೆ.